ಸೂಜಿಯ ಬಾಳಿಕೆ

ಟಿ. ನರಸೀಪುರದ ಚಕ್ರಪಾಣಿ ಮೇಷ್ಟ್ರು ಕೊಡೆ ಕೊಂಡರೂ ಚಪ್ಪಲಿ ಕೊಂಡರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಎಷ್ಟು ವರ್ಷ ಬಾಳಿಕೆ ಬರುತ್ತಪ್ಪಾ?" ಮಗಳಿಗೆ ಗಂಡು ನೋಡಲು ಹೋದಲ್ಲಿಯೂ ಹೀಗೇ ಕೇಳಿಬಿಟ್ಟಾರು ಎಂದು ಹೆಂಡತಿ ಸುಂದರಮ್ಮನವರಿಗೆ ಹೆದರಿಕೆ. ಎಂಬತ್ನಾಲ್ಕನೇ ಇಸವಿಯಲ್ಲಿ ಮಗಳು ಚಂಪಕ ನಂಜನಗೂಡಿನ ನರ್ಸಿಂಗ್ ಹೋಮಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದಾಗ, ರಕ್ತದಿಂದ ಅಂಟುವ ಕಾಮಾಲೆಗೆಂದು ಹೊಸದಾಗಿ ಬಂದಿದ್ದ ಹೆಪಟೈಟಿಸ್ ಬಿ ಲಸಿಕೆ ಹಾಕಿದರು. ಅಂದಿನಿಂದ ಮೇಷ್ಟ್ರು ಕಂಡ ಕಂಡ ಡಾಕ್ಟರನ್ನೆಲ್ಲ ನಿಲ್ಲಿಸಿ ಅದರ ಬಾಳಿಕೆ ವಿಚಾರಿಸತೊಡಗಿದರು. ದನದ ಡಾಕ್ಟರನ್ನೂ ಬಿಡಲಿಲ್ಲ. "ಹೊಸ ಮದ್ದು ಕಣ್ರೀ, ನಮಗೇ ಗೊತ್ತಿಲ್ಲ" ಎಂದರೆ ಅವರ ಮುಖ ಬಾಡುತ್ತಿತ್ತು. ಊರವರು ನಗುತ್ತಿದ್ದರು. ಮೇಷ್ಟ್ರ ಒಬ್ಬನೇ ತಮ್ಮ, ಮೀಸೆ ಚಿಗುರುವ ವಯಸ್ಸಿನಲ್ಲಿ, ಕಾಮಾಲೆಯಾಗಿ ಅವರ ತೊಡೆಯ ಮೇಲೆಯೇ ಕಣ್ಣು ಮುಚ್ಚಿದ್ದು ಸುಂದರಮ್ಮನವರಿಗೆ ಮಾತ್ರ ಗೊತ್ತಿತ್ತು. ಎಂಬತ್ತೆಂಟರಲ್ಲಿ, ಕಾಮಾಲೆಯ ರೋಗಿಗೆ ಚುಚ್ಚಿದ್ದ ಸೂಜಿ ಚಂಪಕಳ ಬೆರಳಿಗೂ ಚುಚ್ಚಿತು. ಅವಳ ರಕ್ತ ಬೆಂಗಳೂರಿಗೆ ಹೋಗಿ ವರದಿ ಬರುವವರೆಗೆ ಮೇಷ್ಟ್ರು ಕಣ್ಣು ಮುಚ್ಚಲಿಲ್ಲ. ಕೊನೆಗೆ ಡಾಕ್ಟರು ಕರೆದು, "ಲಸಿಕೆಯ ಶಕ್ತಿ ಇನ್ನೂ ಚೆನ್ನಾಗಿದೆ ಮೇಷ್ಟ್ರೇ. ಮುಂದೆ ಎಷ್ಟು ವರ್ಷ ಅಂತ ನಾನು ಹೇಳಲಾರೆ, ಈ ಸಲ ಚಂಪಕಂಗೆ ಏನೂ ಭಯವಿಲ್ಲ" ಎಂದರು. "ಇಷ್ಟು ಸಾಕು ಡಾಕ್ಟ್ರೇ, ಇಷ್ಟು ಸಾಕು" ಎಂದ ಮೇಷ್ಟ್ರು ಮಗಳ ಕೈ ಹಿಡಿದುಕೊಂಡೇ ಬಸ್ಸು ಹತ್ತಿದರು. ಬಸ್ಸು ನಂಜನಗೂಡು ದಾಟುವ ಮೊದಲೇ ಅವಳ ಹೆಗಲಿಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು.