ಎಗಿಲ್ ಮುಟ್ಟದ ಕೊಡಲಿ

ಎಗಿಲ್ ಜೀವನವಿಡೀ ಫ್ಯೋರ್ಡ್ ಎಂಬ, ಬೆಟ್ಟಗಳ ನಡುವೆ ಚಾಚಿದ ಕಡಲತೋಳಿನ ದಂಡೆಯ ರಸ್ತೆಯಲ್ಲಿ ಬಸ್ ಓಡಿಸಿದವನು. ಪ್ರವಾಸಿಗರನ್ನು ಕಂಡರೆ ಅವನಿಗಾಗುವುದಿಲ್ಲ. ಈ ಬೇಸಿಗೆಯಲ್ಲಿ ಹಳೆಯ ಗೆಳೆಯರಾದ ನಾವಿಬ್ಬರು ಕಾರಿನಲ್ಲಿ ಬೆಟ್ಟ ಹತ್ತುವಾಗ ಎದುರಾದ ಪ್ರವಾಸಿ ಕಾರುಗಳಿಗೆ ಅವನದು ತಿರುವಿಗೊಂದು ಬೈಗುಳ.

"ನೋಡೇ ತೂರುನ್, ಈ ಜರ್ಮನ್ನರಿಗೆ ರೀತಿನೀತಿ ಅನ್ನೋದೇ ಇಲ್ಲ!"

ಕೇಳಿ ಕೇಳಿ ನನ್ನ ಕಿವಿ ಹೊಲಸಾಯಿತು.

ಬೇಸಿಗೆಯಾದರೂ ಮೇಲಿನ ಚಳಿಗೆ ನಡುಗುತ್ತ ಬೆಟ್ಟದ ತಂಗುಮನೆ ಸೇರಿದೆವು. ಅಲ್ಲಿ ಆಳುಕಾಳು ಯಾರೂ ಇಲ್ಲ. ಹೊರಡುವವರು ಮುಂದೆ ಬರುವವರಿಗಾಗಿ ಸೌದೆ ಒಡೆದು, ನೀರು ತುಂಬಿಟ್ಟು ಹೋಗಬೇಕು. ಆಗಷ್ಟೇ ಹೊರಟ ಜರ್ಮನ್ ದಂಪತಿ ಒಲೆಯ ಪಕ್ಕ ಒಣಸೌದೆ ಒಟ್ಟಿದ್ದರು. ಎಗಿಲ್ ಅದನ್ನೆಲ್ಲ ಉರಿಸಿದ. ಒಲೆಯತ್ತ ನಾರುವ ಕಾಲು ಚಾಚಿ, ಕಂದು ಚೀಸ್ ಮೆಲ್ಲುತ್ತ ಮತ್ತೆ ಅವರನ್ನೇ ಬೈದ.

ಬೆಳಿಗ್ಗೆ ಹೊರಡುವ ಮುನ್ನ ಅವನತ್ತ ಕೊಡಲಿ ಚಾಚಿದೆ. ಅವನು ಮುಟ್ಟಲಿಲ್ಲ.

"ಸೌದೆ ಯಾರು ಒಡೀತಾರೋ?"

"ಸುಮ್ನಿರೇ. ಮುಂದೆ ಬರೋರೂ ಜರ್ಮನ್ನರೇ. ಬೇಕಾದ್ರೆ ಅವ್ರೇ ಒಡ್ಕೊಳ್ಲಿ."

ಥೂ, ಮುಖಕ್ಕೆ ಉಗಿಯಬೇಕೆನಿಸಿತು. ನಾನೇ ಒಡೆದೆ. ಅವನು ಕಾರಿನಲ್ಲಿ ಕೂತು ಹಾರ್ನ್ ಬಾರಿಸುತ್ತಲೇ ಇದ್ದ.

"ಇಷ್ಟು ಹೊತ್ತೇನೇ? ನೀನೂ ಜರ್ಮನ್ನಳಾಗ್ಬಿಟ್ಯಾ?" ಎಂದು ನಕ್ಕ.

"ಆಗಿದ್ದಿದ್ರೆ ನಿನ್ನಂಥೋನ್ ಜೊತೆ ಕಾರು ಹತ್ತೋ ಗ್ರಹಚಾರ ತಪ್ತಿತ್ತು" ಎಂದು ಒಳಗೆ ಕೂತು ಕಾರಿನ ಬಾಗಿಲು ಹಾಕಿಕೊಂಡೆ.