ಪ್ರತಿ ಗುಂಡಿಗೂ ಹೊರಳಿದ ರೋಬೋ

ಆಗೆಲ್ಲ ನಮಗೆ ಬೇಸಿಗೆ ರಜೆಯೆಂದರೆ ಲಗೋರಿ, ಹುಣಸೆಕಾಯಿ ಮತ್ತು ದೊಡ್ಡವರ ಬೈಗುಳ. ಆರನೆಯ ತರಗತಿ ಮುಗಿದ ವರ್ಷ ಮಾತ್ರ ಅವ್ವನನ್ನು ಶಹರದ ಸೇಡಂ ರಸ್ತೆಯ ಆಸ್ಪತ್ರೆಗೆ ಸೇರಿಸಿದರು. ನನ್ನನ್ನು ನಮ್ಮೂರು ಕಮಲಾಪುರದಿಂದ ತಂದು ಅಲ್ಲೇ ಜೇವರ್ಗಿ ಕಾಲೋನಿಯ ಮಾವನ ಮನೆಯಲ್ಲಿಟ್ಟರು. ಕಾಲಿಗೆ ತೊಡರಬಾರದೆಂದು ಮಾವ ಕಂಪ್ಯೂಟರ್ ಕ್ಲಾಸಿಗೆ ಹಾಕಿದ.

"ಮಾವಾ, ಅವ್ವ ಯಾವಾಗ ಮನಿಗಿ ಬರ್ತಾಳ?" ಎಂದು ದಿನಾ ಬೆಳಿಗ್ಗೆ ಕೇಳುತ್ತಿದ್ದೆ.

"ಮೊದಲ ಸುಸಲಾ ತಿನ್ನು ತಮ್ಮಾ, ಆರ್ತದ."

ತಿನ್ನುತ್ತಿದ್ದೆ. ಒಗ್ಗರಣೆ ಮಂಡಕ್ಕಿಯ ರುಚಿ ತಿಳಿಯುತ್ತಿರಲಿಲ್ಲ.

ಕ್ಲಾಸಿನ ತುಂಬ ಕೂಲರಿನ ಹಸಿಹುಲ್ಲಿನ ವಾಸನೆ. ಅಲ್ಲಿ ಪರದೆಯ ಮೇಲೆ ಕಾದಾಡುವ ರೋಬೋಗಳಿಗೆ ನಾವು ಬುದ್ಧಿ, ಅಂದರೆ ಪ್ರೋಗ್ರಾಂ, ಬರೆದುಕೊಡಬೇಕಿತ್ತು. ಕಾಳಗ ಶುರುವಾದ ಮೇಲೆ ಕೈ ಹಚ್ಚುವಂತಿಲ್ಲ. ಮದುವೆ ಮಾಡಿಕೊಟ್ಟ ಮಗಳ ಮನೆಯ ಜಗಳದಂತೆ ದೂರ ನಿಂತು ನೋಡುವುದಷ್ಟೇ. ಕೊನೆಯ ದಿನ ಪಂದ್ಯ. ನಾನು ಗೆದ್ದರೆ ಅವ್ವ ಎದ್ದು ಮನೆಗೆ ಬರತಕ್ಕದ್ದು ಎಂದು ನಾನೇ ಒಂದು ಕರಾರು ಮಾಡಿಕೊಂಡಿದ್ದೆ. ದೇವರ ಸಹಿ ಬೀಳುವುದೊಂದು ಬಾಕಿ ಇತ್ತು.

ಬಹಳಷ್ಟು ಹುಡುಗರ ರೋಬೋಗಳು ಎದುರಾಳಿ ಓಡುವ ದಿಕ್ಕು ನೋಡಿ, ತುಸು ಮುಂದಕ್ಕೆ ಗುಂಡು ಹೊಡೆಯುತ್ತಿದ್ದವು. ಇದಕ್ಕೆ ಮದ್ದು ಕಮಲಾಪುರದ ಲಗೋರಿಯಲ್ಲೇ ಇತ್ತು: ಚೆಂಡು ಹಿಡಿದವನ ಕೈ ಎದ್ದೊಡನೆ ಹೊರಳಿಬಿಡು. ರೋಬೋಗೆ ಕೈಯಿಲ್ಲ ನಿಜ, ಆದರೆ ಎದುರಾಳಿ ಗುಂಡು ಹಾರಿಸಿದಾಗಲೆಲ್ಲ ಅದರ ಶಕ್ತಿಯ ಅಂಕಿ ಇಳಿಯುತ್ತದೆ. ಇಳಿದೊಡನೆ ಹಿಂದಕ್ಕೆ ಹೊರಳು ಎಂದು ಬರೆದೆ. ಎಲ್ಲರ ಗುಂಡೂ ಗೋಡೆಗೆ ಬಿದ್ದವು. ಫೈನಲ್ಲಿಗೆ ಉಳಿದವಳು ಪಕ್ಕದ ಕುರ್ಚಿಯ ಶಾಹೀನ್ ಒಬ್ಬಳೇ. ಅವಳ ರೋಬೋ ನಿಂತಲ್ಲೇ ನಿಂತು, ಎದುರಾಳಿ ಇದ್ದ ಜಾಗಕ್ಕೇ ನೇರ ಹೊಡೆಯುವಂಥದ್ದು.

"ನಿಂದು ಬರೇ ಮೂರು ಸಾಲಲ್ಲ?" ಎಂದೆ.

"ಹೌದೋ ಕಮಲಾಪುರ. ನಿಂದು ಪುರಾಣ ಅದ. ಚಲ್, ಓದು ನೋಡಮ್."

ಅವಳ ರೋಬೋ ಪುಟ್ಟ ಪುಟ್ಟ ಗುಂಡುಗಳನ್ನು ಬಿಡುವಿಲ್ಲದೆ ಸುರಿಸಿತು. ನನ್ನದು ಬಹಳ ವಿಧೇಯ; ಪ್ರತಿ ಗುಂಡಿಗೂ ಹೊರಳಿತು. ಎಡಕ್ಕೊಂದು ಹೆಜ್ಜೆ, ಬಲಕ್ಕೊಂದು ಹೆಜ್ಜೆ. ಕೊನೆಗೆ ಒಂದೇ ಜಾಗದಲ್ಲಿ ನಿಂತು ನಡುಗತೊಡಗಿತು. ಗುಂಡುಗಳು ಬರುತ್ತಿದ್ದದ್ದೂ ಅಲ್ಲಿಗೇ.

"ಯಾ ಅಲ್ಲಾ, ಇದಕ್ಕ ಥಂಡಿ ಹತ್ಯಾದೇನೋ?" ಎಂದಳು ಶಾಹೀನ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂಜೆ ಆಸ್ಪತ್ರೆಯಲ್ಲಿ ಮಾವ ಊರಿನ ಕೆಂಪು ಬಾಳೆಹಣ್ಣು ಸುಲಿಯುತ್ತ ಕೂತಿದ್ದ.

"ಗೆದ್ದಿ ಏನು?" ಅವ್ವ ಕೇಳಿದಳು.

"ಕರೆಂಟ್ ಹೋಗಿತ್ತವ್ವಾ... ಸರ್ ಭಾಳ ಅವಸರ ಮಾಡಿದ್ರು..."

"ಸೋತ್ಯಾ?"

"ಹೂಂ."

"ಹಂಗ ಅನ್ನು ಮತ್ತ."

"ಅವ್ವಾ, ನೀ ಮನಿಗಿ ಯಾವಾಗ ಬರ್ತಿ?"

"ತಮ್ಮಾ, ಹಣ್ಣು ತಗೋ," ಮಾವ ಅಡ್ಡ ಬಂದ.

ಅವ್ವ ನನ್ನನ್ನೇ ನೋಡುತ್ತ ಹೇಳಿದಳು: "ಬರಂಗಿಲ್ಲ ಮಗಾ."

ನಾನು ಹಣ್ಣು ತಿಂದೆ. ಪೂರ್ತಿ ತಿಂದೆ. ಸಿಪ್ಪೆಯನ್ನು ಎಲ್ಲಿ ಹಾಕಬೇಕೆಂದು ಮಾವನನ್ನು ಕೇಳಿದ್ದೂ ನೆನಪಿದೆ. ಅಳು ಬರಲಿಲ್ಲ.

ರಜೆ ಮುಗಿಯುವ ಮೊದಲೇ ಅವ್ವನನ್ನು ಕಮಲಾಪುರದ ಮಣ್ಣಿಗೆ ಕೊಟ್ಟು ಬಂದೆವು. ರೋಬೋದ ತಿದ್ದುಪಡಿ ನನಗೆ ಹೊಳೆದದ್ದು ಆ ದಾರಿಯಲ್ಲಿ, ಜೀಪಿನಲ್ಲಿ: ಪ್ರತಿ ಗುಂಡಿಗೂ ಹೊರಳಬಾರದು, ಓಟದ ಅಳತೆ ಒಂದೇ ಇರಬಾರದು, ಒಮ್ಮೊಮ್ಮೆ ಹಾಗೇ ಓಡಿಬಿಡಬೇಕು. ಅದನ್ನು ಬರೆಯಲು ಮತ್ತೆ ಆ ಕ್ಲಾಸಿಗೆ ಹೋಗಲಿಲ್ಲ.

ಈಗಲೂ ಜಗತ್ ಸರ್ಕಲ್ಲಿನಲ್ಲಿ ಪರಿಚಯದವರು ಸಿಗುತ್ತಾರೆ. "ಆರಾಮ ಇದ್ದೀರೇನ್ರೀ?" ಎಂದರೆ "ಹೂಂರೀ, ನೀವು?" ಎಂದು ಚುರುಕಾಗಿ ಹೊರಳಿಕೊಳ್ಳುತ್ತೇನೆ. ಒಂದು ಗುಂಡೂ ತಾಗುವುದಿಲ್ಲ. "ಸೋತ್ಯಾ?" ಎಂದು ನೇರ ಕೇಳುವವರು ಈಗ ಯಾರೂ ಇಲ್ಲ.