ಮೆಷಿನ್ನಿಗೂ ಒಂದು ಬನ್ನಿ

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಪುಣೆಯ ನಿಗಡಿಯಲ್ಲಿದ್ದೆವು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನನಗೊಂದು ಆಫೀಸಿನಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ದಸರೆ ಮುಗಿದ ಸೋಮವಾರ ಸೇರಬೇಕಿತ್ತು. ಬಟ್ಟೆ ಒಗೆಯುವ ಹೊತ್ತಾದರೂ ಉಳಿಯಲೆಂದು ನನ್ನ ಗಂಡ ವಾಷಿಂಗ್ ಮೆಷಿನ್ ತಂದರು. ಅತ್ತೆ ಮಾತ್ರ ನನ್ನ ಕೆಲಸಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರು ಒಪ್ಪದೆ ಹೊಸಿಲು ದಾಟುವ ಧೈರ್ಯ ನನಗಿರಲಿಲ್ಲ. ಇದ್ದರೂ ಮನಸ್ಸಿರಲಿಲ್ಲ. ಮಗಳನ್ನು ಶಾಲೆಯಿಂದ ಕರೆತಂದು ಉಣ್ಣಿಸಬೇಕಾದವರು ಅವರೇ ತಾನೆ.

ಮೆಷಿನ್ ಕಂಡರಂತೂ ಅವರಿಗೆ ಆಗುತ್ತಿರಲಿಲ್ಲ. "ಕಾಲರಿನ ಕೊಳಿ ಅದಕ್ಕೇನ್ ಕಾಣಸ್ತದ?" ಎನ್ನುತ್ತ ತಮ್ಮ ಸೀರೆಯನ್ನು ಬಚ್ಚಲಲ್ಲೇ ಕುಕ್ಕಿ ಒಗೆಯುವರು. ದಸರೆಯ ಹಿಂದಿನ ದಿನ, ಆಯುಧಗಳ ಖಂಡೇಪೂಜೆಗೆ, ಸ್ಕೂಟರಿಗೆ, ಹೊಲಿಗೆ ಯಂತ್ರಕ್ಕೆ, ಕಡೆಗೆ ಈಳಿಗೆಗೂ ಕುಂಕುಮ ಹಚ್ಚಿದರು. ಬಚ್ಚಲ ಬಾಗಿಲಲ್ಲಿದ್ದ ಮೆಷಿನ್ನಿಗೆ ಮಾತ್ರ ಇಲ್ಲ. ಅದು ನನಗೇ ಕೊಟ್ಟ ಉತ್ತರವೆನ್ನಿಸಿ ಮೈಯೆಲ್ಲ ಉರಿಯಿತು.

ದಸರೆಯ ಮರುದಿನ ರವಿವಾರ. ಬಟ್ಟೆ ಹಾಕಿ ಗುಂಡಿ ತಿರುವಿದೆ. ನೀರು ತುಂಬಿತು, ನಿಂತಿತು. ಅಷ್ಟೇ. ಬಟ್ಟೆಗಳು ಕೆರೆಯಲ್ಲಿ ಕೂತ ಎಮ್ಮೆಗಳ ಹಾಗೆ ಹಾಯಾಗಿದ್ದವು, ಒಂದೂ ಅಲುಗಲಿಲ್ಲ.

ನನ್ನ ಗಂಡ ಕಾರ್ಖಾನೆಯವರು, ಸ್ಕ್ರೂಡ್ರೈವರ್ ಕೈಗೆ ಬಂದರೆ ಅದೇ ಹಬ್ಬ. ಬೇರೆ ಪ್ಲಗ್ಗಿಗೆ ಹಾಕಿ ನೋಡಿದರು. ನೀರು ಹೊರಬಿಟ್ಟು, ಮೆಷಿನ್ನನ್ನು ಗೋಡೆಗೆ ವಾಲಿಸಿ ಕೆಳಗೆ ಇಣುಕಿದರು.

"ಬೆಲ್ಟ್ ಹರಿದಿಲ್ಲ, ಮೋಟಾರ್ ಸುಟ್ಟ ವಾಸನಿ ಇಲ್ಲ. ಎಲ್ಲಾ ಬರೋಬರಿ ಅದ."

"ಎಲ್ಲಾ ಬರೋಬರಿ ಇದ್ರ ಯಾಕ ತಿರಗವಲ್ದ್ರಿ?" ಎಂದೆ.

ರಿಪೇರಿಯವನಿಗೆ ಫೋನು ಮಾಡಿದರೆ "ಉದ್ಯಾ ಬಘೂ" ಅಂದ. ಅವನ 'ನಾಳೆ ನೋಡೋಣ'ಕ್ಕೆ ನಾನೆಲ್ಲಿ ಕಾಯಲಿ? ನಾಳೆ ನನ್ನ ಕೆಲಸದ ಮೊದಲ ದಿನ. ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದ ಅತ್ತೆ ಈಗ ಒಂದು ಮಾತು ಚುಚ್ಚುತ್ತಾರೆ ಎಂದು ಕಾದೆ. ಅವರು ತಲೆ ಎತ್ತಲಿಲ್ಲ.

ಮತ್ತೆ ನೀರು ತುಂಬಿಸಿದೆವು, ಮತ್ತೆ ಅದೇ ರಾಗ ಅದೇ ಹಾಡು. ಸಿಟ್ಟು ನೆತ್ತಿಗೇರಿ ಮುಚ್ಚಳದ ಮೇಲೆ ಕೈಯೂರಿ ಒತ್ತಿದೆ. ಟಕ್ ಎಂದಿತು, ಮೆಷಿನ್ ತಿರುಗಿತು! ಕೈ ತೆಗೆದೆ, ನಿಂತಿತು.

"ಮುಚ್ಚಳ ಪೂರಾ ಕುಂದ್ರವಲ್ದು," ಎಂದರು ಗಂಡ. ಅದರಡಿಯಲ್ಲೊಂದು ಸಣ್ಣ ಸ್ವಿಚ್ಚು ಇರುತ್ತದಂತೆ. ಮುಚ್ಚಳ ಸರಿಯಾಗಿ ಕೂತು ಅದನ್ನು ಒತ್ತಿದರಷ್ಟೇ ಬಟ್ಟೆ ತಿರುಗುವುದು, ನೀರು ತುಂಬುವುದಕ್ಕೆ ಅದರ ಹಂಗಿಲ್ಲ. ಮುಚ್ಚಳ ಎತ್ತಿ ಹಿಂದಿನ ಸಂದಿಯಲ್ಲಿ ಬೆರಳಾಡಿಸಿದೆ. ಎಲೆಸಮೇತ ಒಂದು ಬನ್ನಿಯ ಕಡ್ಡಿ ಸಿಕ್ಕಿತು. ಪಕ್ಕದಲ್ಲೇ ಒಂದು ಬೊಟ್ಟು ಕುಂಕುಮ.

ದಸರೆಯ ಸಂಜೆ ಬನ್ನಿಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎನ್ನುವುದು ನಮ್ಮ ಕಡೆಯ ಪದ್ಧತಿ. ಹಿಂದಿನ ಸಂಜೆ ಯಾರಿಗೂ ಕಾಣದಂತೆ ಮೆಷಿನ್ನಿಗೂ ಅದನ್ನು ಕೊಟ್ಟವರು ಯಾರೆಂದು ಕೇಳಬೇಕಾಗಿರಲಿಲ್ಲ.

ಅತ್ತೆ ಸೊಪ್ಪು ಬಿಟ್ಟು ಎದ್ದು ಬಂದರು, ಮುಖ ಸಣ್ಣದಾಗಿತ್ತು. "ನಾಳಿಂದ ನೀ ಮನ್ಯಾಗ ಇರಂಗಿಲ್ಲ. ಇದಾರ ನಿನಗ ಕೈಕೊಡದಂಗ ಇರ್ಲಿ ಅಂತ ಇಟ್ಟಿದ್ದೆ ಯವ್ವಾ. ಕಾಣದಂಗ ಇಡಾಕ ಹೋಗಿ ನಾನ ಕೆಡಿಸಿದೆ ನೋಡು."

"ಅವ್ವಾ, ಮೈಮ್ಯಾಲ ಬಂಗಾರ ಬಿದ್ದ ಮ್ಯಾಲ ಯಾರು ಕೆಲಸ ಮಾಡ್ತಾರ?" ಎಂದು ಗಂಡ ಜೋರಾಗಿ ನಕ್ಕರು. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಕೆಲಸ ಸಿಕ್ಕ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಕಡ್ಡಿಯನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟು ಬಂದೆ. ಮುಚ್ಚಳ ಹಾಕಿದೆ, ಬಟ್ಟೆ ತಿರುಗತೊಡಗಿತು.

ಅತ್ತೆ ಮತ್ತೆ ಸೊಪ್ಪಿನ ಮುಂದೆ ಕೂತರು. ಆಮೇಲೆ ನನ್ನ ಮುಖ ನೋಡದೆಯೇ ಕೇಳಿದರು:

"ನಾಳಿ ನಿನ್ನ ಡಬ್ಬಿಗೆ ಎರಡು ರೊಟ್ಟಿ ಸಾಕಾಗ್ತಾವೇನು, ಮೂರು ಕಟ್ಟಲ್ಯಾ?"